ಒಣಬೇಸಾಯ ಪ್ರದೇಶಗಳಲ್ಲಿ ಮೇವಿನ ಇಳುವರಿ: ಬರಕ್ಕೆ ಮುನ್ನವೇ ಸಿದ್ಧತೆ ಅಗತ್ಯ

2023ರಲ್ಲಿ ಮುಂಗಾರು ಕೈಕೊಟ್ಟ ಪರಿಣಾಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಬೆಳೆಹಾನಿಯೊಂದಿಗೆ ಮೇವಿನ ಅಭಾವವೂ ತಲೆದೋರಿತು. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಸುಮಾರು 84 ಲಕ್ಷ ದನಗಳಿವೆ. ಬಣವೆ ಖಾಲಿಯಾದಾಗ ರೈತರು ರಾಸುಗಳನ್ನು ಸಿಕ್ಕ ಬೆಲೆಗೆ ಮಾರಬೇಕಾಗುತ್ತದೆ. ಮಳೆ ಬಂದ ನಂತರ ಅವನ್ನು ಮರಳಿ ಕೊಳ್ಳುವುದು ಸುಲಭಸಾಧ್ಯವಲ್ಲ.

ಈ ಕೊರತೆಗೆ ಮಳೆಯ ಅಭಾವವೊಂದೇ ಕಾರಣವಲ್ಲ. ವಿಜಯಪುರ, ಕಲಬುರಗಿ ಭಾಗಗಳಲ್ಲಿ ಕಾಳು ಮತ್ತು ಕಣಿಕೆ ಎರಡನ್ನೂ ನೀಡುತ್ತಿದ್ದ ಹಿಂಗಾರಿ ಜೋಳದ ಸ್ಥಾನವನ್ನು ಬಹುಮಟ್ಟಿಗೆ ತೊಗರಿ, ಕಡಲೆ ಮುಂತಾದ ಬೆಳೆಗಳು ಪಡೆದಿವೆ. ಇವುಗಳಿಂದ ದೊರೆಯುವ ಹೊಟ್ಟು ಜೋಳದ ಕಣಿಕೆಯಷ್ಟು ಪ್ರಮಾಣದಲ್ಲಿರುವುದಿಲ್ಲ. ಬರ ಬಂದ ಮೇಲೆ ವಿತರಿಸುವ ಮೇವಿನ ಬೀಜವು ನೀರಿನ ಆಸರೆಯಿರುವ ಜಮೀನಿನಲ್ಲಿ ಮಾತ್ರ ಫಲ ನೀಡುತ್ತದೆ. ಆದ್ದರಿಂದ ಮಳೆಯಾಶ್ರಿತ ರೈತರು ಮಳೆಯಿರುವ ವರ್ಷದಲ್ಲಿಯೇ ಮೇವು ಬೆಳೆದು ಸಂಗ್ರಹಿಸುವುದು ಸೂಕ್ತ.

ಇದಕ್ಕಾಗಿ ಅನುಸರಿಸಬಹುದಾದ ಕ್ರಮಗಳು:

1. ಎರಡು ಸಾಲು ಮೇವಿನ ಜೋಳಕ್ಕೆ ಒಂದು ಸಾಲು ಅಲಸಂದೆ ಬಿತ್ತುವುದರಿಂದ ಮೇವಿನಲ್ಲಿ ಸಸಾರಜನಕದ ಅಂಶ ಹೆಚ್ಚುತ್ತದೆ.

2. ಬದುಗಳ ಮೇಲೆ ಸ್ಟೈಲೋ, ಅಂಜನ್ ಹುಲ್ಲು ಹಾಗೂ ಸೂಬಾಬುಲ್ ಬೆಳೆಸಿದಲ್ಲಿ ಮುಖ್ಯ ಬೆಳೆಯ ಭೂಮಿ ಕಡಿಮೆಯಾಗದು. ಮಣ್ಣಿನ ಸವಕಳಿಯೂ ತಗ್ಗುತ್ತದೆ.

3. ಅಲ್ಪ ನೀರಾವರಿ ಉಳ್ಳವರು ಹಲವು ಬಾರಿ ಕೊಯ್ಯಬಹುದಾದ ಸಿ.ಓ.ಎಫ್.ಎಸ್-29 ಅಥವಾ ಸಿ.ಓ.ಎಫ್.ಎಸ್-31 ಜೋಳದ ತಳಿಗಳನ್ನು ಬೆಳೆಯಬಹುದಾಗಿದೆ.

4. ಹೆಚ್ಚುವರಿ ಹಸಿರು ಮೇವನ್ನು ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿ ರಸಮೇವು ತಯಾರಿಸಬಹುದು.

5. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ಣವಾಗಿ ಕರಗಿಸಿ ಸಿಂಪಡಿಸಿ, ಮೂರು ವಾರ ಮುಚ್ಚಿಟ್ಟಲ್ಲಿ ಅದರ ಪೌಷ್ಟಿಕತೆ ಹೆಚ್ಚುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ನೀಡಬಾರದು.

ಎಚ್ಚರಿಕೆ: ಎಳೆಯ ಅಥವಾ ನೀರಿಲ್ಲದೆ ಬಾಡಿದ ಜೋಳದಲ್ಲಿ ಸಯನೈಡ್ ವಿಷಾಂಶವಿರುವುದರಿಂದ ರಾಸುಗಳು ಸಾವಿಗೀಡಾಗುವ ಸಂಭವವಿದೆ. ಹೂಬಿಟ್ಟ ನಂತರವೇ ಕೊಯ್ದು ನೀಡತಕ್ಕದ್ದು.

2021-22ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ರಸಮೇವು ಮತ್ತು ಮೇವಿನ ಇಟ್ಟಿಗೆ ತಯಾರಿಕಾ ಘಟಕಗಳಿಗೆ ಶೇ. 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿಗಳವರೆಗೆ ಬಂಡವಾಳ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿದೆ. ಈ ಮೊತ್ತ ಉದ್ಯಮ ಸ್ವರೂಪದ ಘಟಕಗಳಿಗೆ ಸೀಮಿತವಾದುದರಿಂದ, ಸಣ್ಣ ರೈತರು ಗುಂಪಾಗಿ ಅಥವಾ ಸಹಕಾರ ಸಂಘದ ಮೂಲಕ ಮುಂದೆ ಬರುವುದು ಉಚಿತ. ಆಸಕ್ತರು ಬಿತ್ತನೆ ಹಂಗಾಮಿಗೆ ಮುನ್ನವೇ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಿ, ಅರ್ಹತೆ ಹಾಗೂ ಅಗತ್ಯ ದಾಖಲೆಗಳ ಮಾಹಿತಿ ಪಡೆಯಬಹುದಾಗಿದೆ.