ನಕ್ಷೆಗೆ ಒಟಿಪಿ ಕೇಳಿದರೆ ಕೊಡುವವರು ಯಾರು?

ಬ್ಯಾಂಕ್ ಖಾತೆಗೆ ಪಾಸ್‌ವರ್ಡ್ ಒಂದೇ ಸಾಲದು ಎಂಬುದು ನಮಗೆಲ್ಲ ರೂಢಿಯಾಗಿದೆ. ಆದರೆ ಕೋಟ್ಯಂತರ ಜನರ ಮಾಹಿತಿ ಪೇರಿಸಿಟ್ಟ ಎಷ್ಟೋ ಕ್ಲೌಡ್ ದತ್ತಾಂಶ ಖಾತೆಗಳಿಗೆ ಅದೊಂದೇ ಸಾಕಾಗಿತ್ತು. ಅದರ ಪರಿಣಾಮ ಕಂಡದ್ದು 2024ರಲ್ಲಿ. ಅಮೆರಿಕದ ಸ್ನೋಫ್ಲೇಕ್ ಕಂಪನಿಯ ಗ್ರಾಹಕ ಸಂಸ್ಥೆಗಳ ಖಾತೆಗಳಿಗೆ ಕನ್ನ ಬಿತ್ತು. ಟಿಕೆಟ್‌ಮಾಸ್ಟರ್, ಎಟಿ ಅಂಡ್ ಟಿಯಂಥ ದೊಡ್ಡ ಹೆಸರುಗಳೂ ತೊಂದರೆಗೆ ಸಿಲುಕಿದವು. ಮಾಹಿತಿಗೆ ಅಪಾಯ ಒದಗಿರಬಹುದೆಂಬ ಎಚ್ಚರಿಕೆ ಹೋದದ್ದು ಸುಮಾರು 165 ಸಂಸ್ಥೆಗಳಿಗೆ. ತನಿಖೆ ನಡೆಸಿದ ಸೈಬರ್ ಭದ್ರತಾ ಸಂಸ್ಥೆ ಮ್ಯಾಂಡಿಯಂಟ್ ಹೇಳಿದಂತೆ, ಕಳ್ಳರು ಸ್ನೋಫ್ಲೇಕ್‌ನ ವ್ಯವಸ್ಥೆಯನ್ನೇ ಭೇದಿಸಿರಲಿಲ್ಲ. ಕುತಂತ್ರಾಂಶಗಳು ಬೇರೆಬೇರೆ ಕಂಪ್ಯೂಟರ್‌ಗಳಿಂದ ಕದ್ದ ಪಾಸ್‌ವರ್ಡ್ ಬಳಸಿ ಒಳನುಗ್ಗಿದ್ದರು. ಕೆಲವು ಪಾಸ್‌ವರ್ಡ್‌ಗಳಂತೂ ಕಳುವಾಗಿ ವರ್ಷಗಳಾದರೂ ಬದಲಾಗಿರಲಿಲ್ಲ.

ಇದಾದ ಮೇಲೆ, ಬರೀ ಪಾಸ್‌ವರ್ಡ್‌ನ ಲಾಗಿನ್ ಅನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಸ್ನೋಫ್ಲೇಕ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆಗ ಹಾಕಿಕೊಂಡ ಗಡುವು 2025ರ ನವೆಂಬರ್. ನಿರ್ಧಾರ ಸರಿಯಾದದ್ದೇ. ಪ್ರಶ್ನೆ ಇರುವುದು ಸ್ನೋಫ್ಲೇಕ್‌ಗೆ ಜೋಡಿಸಿಕೊಂಡಿರುವ ತಂತ್ರಾಂಶಗಳ ಸಿದ್ಧತೆಯಲ್ಲಿ, ಅದರಲ್ಲೂ ಆರ್ಕ್‌ಜಿಐಎಸ್‌ನಂಥ ನಕ್ಷೆ ತಂತ್ರಾಂಶಗಳಲ್ಲಿ.

ಮೇಜಿನ ಮುಂದೆ ಕುಳಿತ ಉದ್ಯೋಗಿ ಮೊಬೈಲ್ ನೋಡಿ ಎರಡನೇ ದೃಢೀಕರಣ ಕೊಡಬಲ್ಲ. ಆದರೆ ಅವನು ಎಂದೋ ಪ್ರಕಟಿಸಿದ ವೆಬ್ ನಕ್ಷೆ ಹಗಲಿರುಳೂ ತಾನೇ ದತ್ತಾಂಶ ಕೇಳುತ್ತಿರುತ್ತದೆ. ಅದರ ಕೈಯಲ್ಲಿ ಮೊಬೈಲ್ ಇಲ್ಲ. ಇರುವುದು ಸಂಪರ್ಕ ಕಡತದಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಮಾತ್ರ. ಅದು ಎಷ್ಟೋ ಸಲ ಒಬ್ಬ ವ್ಯಕ್ತಿಯ ಹೆಸರಿನದೇ ಆಗಿರುತ್ತದೆ. ನಿಯಮ ಜಾರಿಯಾದ ದಿನ ಇಂಥ ನಕ್ಷೆ ಖಾಲಿಯಾದರೆ ಕಾರಣ ಹುಡುಕುವವರಿಗೆ ಜಾಡು ಸುಲಭವಾಗಿ ಸಿಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಲೆಕ್ಕ ಹಾಕುವುದು. ಸ್ನೋಫ್ಲೇಕ್‌ನ ಲಾಗಿನ್ ಇತಿಹಾಸದಲ್ಲಿ ಹಿಂದಿನ 365 ದಿನಗಳ ದಾಖಲೆ ಸಿಗುತ್ತದೆ. ಯಾವ ಖಾತೆ, ಯಾವ ತಂತ್ರಾಂಶದಿಂದ, ಪಾಸ್‌ವರ್ಡ್ ಒಂದರಿಂದಲೇ ಬಂದಿದೆ ಎಂಬುದು ಅಲ್ಲಿ ಕಾಣುತ್ತದೆ. ಎರಡನೆಯದು ವಿಂಗಡಣೆ: ಮನುಷ್ಯರ ಖಾತೆಗೆ ಬಹುಹಂತದ ದೃಢೀಕರಣ, ಯಂತ್ರಕ್ಕೆ ಪ್ರತ್ಯೇಕ ಸರ್ವಿಸ್ ಖಾತೆ, ಅದಕ್ಕೆ ಖಾಸಗಿ ಮತ್ತು ಸಾರ್ವಜನಿಕ ಕೀಗಳ ಜೋಡಿ ಅಥವಾ ಟೋಕನ್ ಬಳಸುವ ಒಆಥ್. ಖಾಸಗಿ ಕೀ ಇರುವ ಕಡತವನ್ನು ಪರಿಣತರ ಲ್ಯಾಪ್‌ಟಾಪ್ ಓದಿದರೆ ಸಾಲದು. ನಕ್ಷೆ ನಡೆಸುವ ಸರ್ವರ್ ಖಾತೆಗೂ ಅದನ್ನು ಓದುವ ಅನುಮತಿ ಇರಬೇಕು. ಲ್ಯಾಪ್‌ಟಾಪ್‌ನಲ್ಲಿ ತೆರೆದ ನಕ್ಷೆ ಸರ್ವರ್‌ನಲ್ಲಿ ಮುಗ್ಗರಿಸುವುದು ಇಂಥಲ್ಲೇ.

ಇಲ್ಲೊಂದು ಕಳ್ಳದಾರಿಯೂ ಇದೆ. ಹಳೆಯ ಯಂತ್ರಖಾತೆಗಳು ಪಾಸ್‌ವರ್ಡ್‌ನಲ್ಲೇ ಮುಂದುವರಿಯಲೆಂದು ‘ಲೆಗಸಿ ಸರ್ವಿಸ್’ ಎಂಬ ತಾತ್ಕಾಲಿಕ ವರ್ಗವನ್ನು ಸ್ನೋಫ್ಲೇಕ್ ಕೊಟ್ಟಿತ್ತು. ಗಡುವು ಹತ್ತಿರವಾದಾಗ ಎಲ್ಲವನ್ನೂ ಅದರೊಳಗೆ ತುರುಕುವ ಆಸೆ ಸಹಜ. ಅದು ರೋಗವನ್ನು ಮುಂದೂಡುತ್ತದೆ, ವಾಸಿ ಮಾಡುವುದಿಲ್ಲ. ಕೀ ಕಡತವನ್ನು ಎಲ್ಲರಿಗೂ ಸಿಗುವ ಫೋಲ್ಡರ್‌ನಲ್ಲಿಟ್ಟರೂ ಫಲ ಅಷ್ಟೇ; ಕದಿಯುವವನಿಗೆ ಪಾಸ್‌ವರ್ಡ್ ಆದರೇನು, ಕೀ ಆದರೇನು? ಓದುವ ಹಕ್ಕಷ್ಟೇ ಇರುವ ಖಾತೆ, ಗೊತ್ತಿರುವ ಐಪಿ ವಿಳಾಸದಿಂದ ಮಾತ್ರ ಪ್ರವೇಶ, ಕಾಲಕಾಲಕ್ಕೆ ಕೀ ಬದಲಾವಣೆ ಇವು ಜೊತೆಗಿರಬೇಕು. ಒಬ್ಬ ಬಳಕೆದಾರನಿಗೆ ಏಕಕಾಲಕ್ಕೆ ಎರಡು ಸಾರ್ವಜನಿಕ ಕೀ ಇಡಲು ಸ್ನೋಫ್ಲೇಕ್ ಬಿಡುವುದರಿಂದ, ನಕ್ಷೆ ನಿಲ್ಲಿಸದೆಯೇ ಕೀ ಬದಲಿಸಬಹುದು.

ಹೊಸ ನಿಯಮ ಬಯಲಿಗೆಳೆದಿರುವುದು ತಂತ್ರಜ್ಞಾನದ ಕೊರತೆಯನ್ನಲ್ಲ, ವಾರಸುದಾರರಿಲ್ಲದ ಸಂಪರ್ಕಗಳನ್ನು. ಪ್ರತಿ ಸಂಪರ್ಕಕ್ಕೂ ಒಬ್ಬ ಹೊಣೆಗಾರನ ಹೆಸರು ದಾಖಲಾಗಲಿ. ಹೆಸರು ಸಿಗದ ಸಂಪರ್ಕವನ್ನು ಪ್ರಾಯೋಗಿಕವಾಗಿ ನಿಲ್ಲಿಸಿ ನೋಡಲಿ. ಅದು ಬೇಕಾದವರು ದೂರು ಹೇಳಿಕೊಂಡು ಬರುತ್ತಾರೆ. ಯಾರೂ ಬಾರದಿದ್ದರೆ ಅದನ್ನು ಅಳಿಸಿಹಾಕುವುದೇ ಕ್ಷೇಮ.