ರಕ್ತ ಬೀಳುವವರೆಗೆ ಕಾಯುವ ಕಾಯಿದೆ

ಅಮೇರಿಕದ ಎನ್‌ಬಿಸಿ ಟೆಲಿವಿಷನ್ ಸಂಸ್ಥೆಯವರು 1978ನೆಯ ನವೆಂಬರಿನಲ್ಲಿ ಪ್ರಸಾರ ಮಾಡಿದ ‘ಸಮ್‌ಒನ್ಸ್ ವಾಚಿಂಗ್ ಮಿ’ ಎಂಬ ಚಿತ್ರವು ಚಿತ್ರಮಂದಿರಗಳಿಗಾಗಿ ತೆಗೆದುದಲ್ಲ. ಜನರು ತಮ್ಮ ಮನೆಯಲ್ಲಿಯೇ ಕುಳಿತು ನೋಡಲೆಂದು ತೆಗೆದುದು. ಅದನ್ನು ಬರೆದು ನಿರ್ದೇಶಿಸಿದವರು ಜಾನ್ ಕಾರ್ಪೆಂಟರ್. ಇಂತಹ ಭಯಾನಕ ಚಿತ್ರಗಳನ್ನು ಹೊತ್ತು ಕಳೆಯುವ ಸಾಧನಗಳೆಂದು ಬದಿಗಿರಿಸುವುದು ವಿದ್ಯಾವಂತರಲ್ಲಿ ವಾಡಿಕೆ. ಆದರೆ ಇದರೊಳಗಿನ ಒಂದು ಪ್ರಸಂಗವು ಕಾಯಿದೆ ಮಾಡುವವರೂ ಅದನ್ನು ನಡೆಯಿಸುವವರೂ ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದಾಗಿದೆ.

ಲೀ ಮೈಕಲ್ಸ್ ಎಂಬ ಕಲಾವಿದೆ ಟೆಲಿವಿಷನ್ ಕಾರ್ಯಕ್ರಮಗಳ ನಿರ್ದೇಶಕಿ. ಲಾಸ್ ಏಂಜಲೀಸ್ ನಗರಕ್ಕೆ ಬಂದು ಬಹು ಅಂತಸ್ತಿನ ಕಟ್ಟಡವೊಂದರಲ್ಲಿ ಒಬ್ಬಳೇ ವಾಸಿಸುವ ಈಕೆಯನ್ನು ಎದುರು ಕಟ್ಟಡದಿಂದ ಅಪರಿಚಿತನೊಬ್ಬನು ದುರ್ಬೀನು ಹಿಡಿದು ನೋಡುತ್ತಿರುತ್ತಾನೆ, ಟೆಲಿಫೋನು ಮಾಡುತ್ತಾನೆ, ಉಡುಗೊರೆಗಳನ್ನು ಕಳುಹಿಸುತ್ತಾನೆ. ಆಕೆ ಪೋಲೀಸರ ಮೊರೆಹೊಕ್ಕರೆ ದೊರೆಯುವ ಉತ್ತರವಿಷ್ಟೇ: ಅವನು ಸ್ಪಷ್ಟವಾಗಿ ಬೆದರಿಕೆ ಹಾಕಿಲ್ಲವಾದುದರಿಂದ ತಾವು ಮಾಡುವಂತಹುದೇನೂ ಇಲ್ಲ! ಚಿತ್ರದಲ್ಲಿ ನಿಜವಾಗಿ ನಡುಕ ಹುಟ್ಟಿಸುವುದು ಈ ಉತ್ತರವೇ. ಕಡೆಯಲ್ಲಿ ಆಕೆಯು ತಾನೇ ಕೊಲೆಗಾರನನ್ನು ಎದುರಿಸಿ ಗೆಲ್ಲುತ್ತಾಳೆ. ತೆರೆಯ ಮೇಲೆ ಇದು ಸೊಗಸು. ಆದರೆ ಪ್ರಜೆಯ ಪ್ರಾಣರಕ್ಷಣೆಯನ್ನು ಪ್ರಜೆಯ ತೋಳಿಗೇ ಬಿಟ್ಟುಕೊಡುವ ರಾಜ್ಯವು ಸುವ್ಯವಸ್ಥಿತ ರಾಜ್ಯವೆನಿಸಲಾರದು.

ಕಥೆಯನ್ನು ಮೀರಿಸುವ ಘಟನೆಯು ಅದೇ ನಗರದಲ್ಲಿ ಹನ್ನೊಂದು ವರ್ಷಗಳೊಳಗಾಗಿ ನಡೆಯಿತು. 1989ನೆಯ ಜುಲೈ 18ರಂದು ಟೆಲಿವಿಷನ್ ನಟಿ ರೆಬೆಕ್ಕಾ ಶೇಫರಳನ್ನು ಅಭಿಮಾನಿಯೆನಿಸಿಕೊಂಡವನೊಬ್ಬನು ಆಕೆಯ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದನು. ಆಕೆಗೆ ಆಗ ಇನ್ನೂ ಇಪ್ಪತ್ತೊಂದು ವರ್ಷ. ಕೊಲೆಗಾರನಿಗೆ ವಿಳಾಸವು ದೊರೆತದ್ದು ಖಾಸಗಿ ಪತ್ತೇದಾರರ ಮುಖಾಂತರ. ಅವರಿಗೆ ದೊರೆತದ್ದು ಸರಕಾರದ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ. ಇದರ ನಂತರವೇ ಕ್ಯಾಲಿಫೋರ್ನಿಯದವರು 1990ರಲ್ಲಿ ಬೆನ್ನು ಹತ್ತಿ ಕಾಡುವುದನ್ನು ಅಪರಾಧವೆಂದು ಸಾರುವ, ಆ ದೇಶದ ಮೊದಲನೆಯ ಕಾಯಿದೆಯನ್ನು ಮಾಡಿದರು. ವಾಹನ ದಾಖಲೆಗಳಲ್ಲಿಯ ವಿಳಾಸಗಳನ್ನು ಕಾಪಾಡುವ ಕೇಂದ್ರ ಶಾಸನವು 1994ರಲ್ಲಿ ಬಂದಿತು.

ಪರದೇಶದವರ ವಿಳಂಬವನ್ನು ನೋಡಿ ನಾವು ನಗುವಂತಿಲ್ಲ. ಹೆಂಗಸರನ್ನು ಹಿಂಬಾಲಿಸಿ ಕಾಡುವುದನ್ನು ನಮ್ಮ ದಂಡಸಂಹಿತೆಯು ಪ್ರತ್ಯೇಕ ಅಪರಾಧವೆಂದು ಗಣಿಸಿದ್ದು 2013ರಲ್ಲಿ, ಅದೂ 2012ನೆಯ ಡಿಸೆಂಬರಿನ ದಿಲ್ಲಿಯ ಘೋರ ಕೃತ್ಯವು ದೇಶವನ್ನೆಲ್ಲ ಅಲ್ಲಾಡಿಸಿದ ಮೇಲೆ. ಆ ವಿಧಿಯೇ 2024ನೆಯ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಾಗಿ ಜಾರಿಯಲ್ಲಿದೆ. ಮೊದಲ ಬಾರಿ ಅಪರಾಧ ಸಿದ್ಧವಾದರೆ ಮೂರು ವರ್ಷದವರೆಗೆ ಸೆರೆ. ಆದರೆ ಆ ಹಂತದಲ್ಲಿ ಜಾಮೀನು ಆರೋಪಿಯ ಹಕ್ಕು. ಫಿರ್ಯಾದು ಕೊಟ್ಟ ಸಂಜೆಯೇ ಅವನು ಮತ್ತೆ ಅದೇ ಬೀದಿಯ ಮೂಲೆಯಲ್ಲಿ ನಿಂತರೆ ಫಿರ್ಯಾದಿಯು ಯಾರಲ್ಲಿ ಹೇಳಿಕೊಳ್ಳಬೇಕು?

ಜಾಮೀನನ್ನೇ ಕಿತ್ತುಹಾಕಿರೆಂಬುದು ನಮ್ಮ ವಾದವಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾಯಿದೆಗಳ ಕಹಿಯನ್ನು 1919ರ ರೌಲಟ್ ಶಾಸನದ ಕಾಲದಿಂದ ಉಂಡ ದೇಶವಿದು. ಆರೋಪಿಯು ಫಿರ್ಯಾದಿಯ ಮನೆಯನ್ನೂ ಟೆಲಿಫೋನನ್ನೂ ಸಮೀಪಿಸಕೂಡದೆಂದು ಮೊದಲ ದಿನವೇ ಆಜ್ಞೆ ಮಾಡಲು ಮ್ಯಾಜಿಸ್ಟ್ರೇಟರಿಗೆ ಸ್ಪಷ್ಟವಾದ ಅಧಿಕಾರವನ್ನು ಶಾಸನಸಭೆಯು ಈ ಕಲಮಿನಲ್ಲಿಯೇ ಕೊಡಲಿ. ಆಜ್ಞೆಯನ್ನು ಮುರಿದವನಿಗೆ ಜಾಮೀನಿನ ಹಕ್ಕು ಇಲ್ಲದಿರಲಿ.

ವಿಳಾಸಗಳ ವಿಷಯದಲ್ಲಿ ಸರಕಾರವೇ ಎಡವಿದ್ದುಂಟು. ವಾಹನಗಳ ಹಾಗೂ ಚಾಲನಾ ಪರವಾನಗಿಗಳ ವಿವರಗಳನ್ನು ರಾಶಿರಾಶಿಯಾಗಿ ಹಣಕ್ಕೆ ಒದಗಿಸುವ ಧೋರಣೆಯನ್ನು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು 2019ರಲ್ಲಿ ಪ್ರಕಟಿಸಿ, 2020ರಲ್ಲಿ ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡದ್ದು ಯೋಗ್ಯವೇ ಆಯಿತು. ಇನ್ನು ಮುಂದೆ ಯಾವ ಕಛೇರಿಯಲ್ಲಾಗಲಿ ಪ್ರಜೆಯೊಬ್ಬನ ಮನೆಯ ವಿಳಾಸವನ್ನು ಕೇಳಿ ಬಂದವನು ಯಾರು, ಏತಕ್ಕಾಗಿ ಕೇಳಿದನು, ಕೊಟ್ಟ ಅಧಿಕಾರಿ ಯಾರು ಎಂಬುದನ್ನು ತಪ್ಪದೆ ಬರೆದಿಡುವ ಕ್ರಮವನ್ನು ಸಂಬಂಧಪಟ್ಟ ಇಲಾಖೆಯವರು ಈಗಲೇ ಆರಂಭಿಸಬಹುದು. ಇದಕ್ಕೆ ಹೊಸ ಕಾಯಿದೆಯು ಬೇಕಾಗಿಲ್ಲ. ಒಂದು ಸುತ್ತೋಲೆ ಸಾಕು.