ಫೋಟೋದಿಂದ ಕತ್ತರಿಸಿ ತೆಗೆದ ಗೋಡೆ

ತೀರಿಹೋದ ಅಪ್ಪನ ಬಗ್ಗೆ ಬರೆಯುವುದಕ್ಕೆ ಕನ್ನಡದಲ್ಲಿ ಒಂದು ಸಿದ್ಧ ಅಚ್ಚಿದೆ. ಮಾತು ಕಡಿಮೆ, ಹಳೆ ಸೈಕಲ್ಲು, ತೂತು ಬಿದ್ದ ಬನಿಯನ್ನು, ಕೊನೆಯ ಪ್ಯಾರಾದಲ್ಲಿ ಕಣ್ಣೀರು. ಅಪ್ಪ ಸೈನಿಕನಾಗಿದ್ದರೆ ಬನಿಯನ್ನಿನ ಜಾಗಕ್ಕೆ ಸಮವಸ್ತ್ರ ಬರುತ್ತದೆ, ಕಣ್ಣೀರಿನ ಜಾಗಕ್ಕೆ ಬಾವುಟ. ಇವು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಇವುಗಳಲ್ಲಿ ಅಪ್ಪ ಒಬ್ಬನೇ ಇರುತ್ತಾನೆ ಎಂಬುದಷ್ಟೇ ನನ್ನ ತಕರಾರು. ಯುದ್ಧ ನಡೆಯುವುದು ಯಾರದೋ ಊರಿನಲ್ಲಿ, ಯಾರದೋ ಮನೆಯ ಮುಂದೆ. ಅವರೆಲ್ಲ ಎಲ್ಲಿ ಹೋದರು?

ನಮ್ಮಪ್ಪ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿದ್ದ. ಆ ಪಡೆಯವರನ್ನು ಸೈನ್ಯದಲ್ಲಿ 'ತಂಬಿ'ಗಳೆಂದೇ ಕರೆಯುತ್ತಾರೆ. ಅರಕಲಗೂಡು ಕಡೆಯ ಹುಡುಗ ಬೆಂಗಳೂರಿನ ಹಲಸೂರಿಗೆ ಹೋಗಿ ಬಂದೂಕಿನ ಜೊತೆಗೆ ತಮಿಳನ್ನೂ ಕಲಿತ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಶಾಂತಿಪಾಲನಾ ಪಡೆಯೊಂದಿಗೆ ಜಾಫ್ನಾಕ್ಕೆ ಹೋದ. ತೀರಿಕೊಂಡು ಮೂರು ವರ್ಷವಾಯಿತು. ಟ್ರಂಕಿನಲ್ಲಿ ಬಿಟ್ಟುಹೋದದ್ದು ಹನ್ನೊಂದು ಫೋಟೋ. ಯಾರದೋ ಹಾಟ್‌ಶಾಟ್ ಕ್ಯಾಮೆರಾದಲ್ಲಿ ತೆಗೆದವು, ಈಗ ಬಣ್ಣ ಇಳಿದು ಕೆಂಪಡರಿವೆ.

ಆ ಯುದ್ಧದ ಹೆಸರು ಹೇಳಿದರೆ ನಮಗೆ ನೆನಪಾಗುವುದು ಬೇರೆಯೇ ಒಂದು ಚಿತ್ರ. ಒಪ್ಪಂದದ ಮರುದಿನ ಕೊಲಂಬೊದಲ್ಲಿ ಗೌರವ ವಂದನೆಗೆ ನಿಂತಿದ್ದ ನೌಕಾಪಡೆಯ ಹುಡುಗನೊಬ್ಬ ಬಂದೂಕಿನ ಹಿಡಿಯಿಂದ ರಾಜೀವ್ ಗಾಂಧಿಗೆ ಹೊಡೆದ ಕ್ಷಣ, ಸೇನಾ ವಿದಾನಗಮ ತೆಗೆದದ್ದು. ಮೂರು ವರ್ಷದ ಯುದ್ಧವೊಂದು ಪ್ರಧಾನಿಯ ಹೆಗಲಿಗೆ ಬಿದ್ದ ಒಂದು ಏಟಾಗಿ ಉಳಿದಿದೆ. ಸತ್ತ ಸುಮಾರು 1200 ಭಾರತೀಯ ಸೈನಿಕರು ಅದರಲ್ಲಿಲ್ಲ. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಮೂವತ್ತು ಜನರಲ್ಲಿ ಬದುಕುಳಿದದ್ದು ಒಬ್ಬ, ಅವನೂ ಇಲ್ಲ. ಅದೇ ಅಕ್ಟೋಬರಿನ 21ರಂದು, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯೊಳಕ್ಕೆ ನಮ್ಮ ಸೈನಿಕರು ನುಗ್ಗಿದರು. ವೈದ್ಯರು, ದಾದಿಯರು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಸೈನ್ಯ ಅದನ್ನು ಗುಂಡಿನ ಚಕಮಕಿ ಎಂದಿತು. ಹೆಣಗಳ ನಡುವೆ ಉಸಿರು ಬಿಗಿಹಿಡಿದು ಮಲಗಿ ಬದುಕಿದವರು ಬೇರೆಯೇ ಹೇಳಿದರು. 1990ರ ಮಾರ್ಚಿನಲ್ಲಿ ಪಡೆ ಮರಳಿದಾಗ ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಸೈನಿಕರಿಗೆ ಅದು ಅವಮಾನ. ಜಾಫ್ನಾದ ಕಡೆಯಿಂದ ನೋಡಿದರೆ ಅದಕ್ಕೆ ಕಾರಣವಿತ್ತು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ನುಂಗಬೇಕಾಗಿಲ್ಲ.

ಈಗ ಹನ್ನೊಂದರಲ್ಲಿ ಒಂದು ಫೋಟೋಕ್ಕೆ ಬರುತ್ತೇನೆ. ಹಿಂಬದಿಯಲ್ಲಿ ಅಪ್ಪನ ಕೈಬರಹ: ಚಾವಕಚ್ಚೇರಿ, 1988. ಹೆಂಚಿನ ಮನೆಯ ಪಡಸಾಲೆ. ಐದು ಜನ ಸೈನಿಕರು, ನಡುವೆ ಅಪ್ಪ, ಕೈಯಲ್ಲಿ ಎನಾಮಲ್ ಲೋಟ, ನಗುತ್ತಿದ್ದಾನೆ. ಹಿಂದಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಇನ್ನೊಂದು ಫೋಟೋ. ಹಣೆಗೆ ವಿಭೂತಿ ಬಳಿದ ಹಿರಿಯರೊಬ್ಬರು, ಒಣಗಿದ ಹಾರ. ಅದು ಯಾರದೋ ಮನೆ. ಅವರು ಯಾರಿಗೋ ಅಪ್ಪ. ಆ ಮನೆಯ ಮಕ್ಕಳು ಚೌಕಟ್ಟಿನಲ್ಲಿಲ್ಲ, ಪಡಸಾಲೆಯಲ್ಲಿ ಕೂತವರು ನಮ್ಮವರು.

ವರ್ಷದ ತಿಥಿಗೆ ಅಣ್ಣಂದಿರು ಫ್ಲೆಕ್ಸ್ ಮಾಡಿಸಿದಾಗ ಆರಿಸಿದ್ದು ಇದನ್ನೇ, ಅಪ್ಪ ನಗುತ್ತಿರುವುದು ಇದೊಂದರಲ್ಲೇ. ಹಾಸನದ ಡಿಟಿಪಿ ಅಂಗಡಿಯ ಹುಡುಗ ಗೋಡೆಯನ್ನು ಅಳಿಸಿ ತ್ರಿವರ್ಣ ತುಂಬಿದ, ಮೇಲೆ 'ವೀರಯೋಧ' ಎಂದು ಬರೆದ. ಹತ್ತು ನಿಮಿಷದ ಕೆಲಸ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಅಪ್ಪ-ಪ್ರಬಂಧಗಳು ವರ್ಷಗಳಿಂದ ಮಾಡುತ್ತಿರುವುದನ್ನು ಅವನು ಮೌಸ್‌ನಲ್ಲಿ ಮಾಡಿದ, ಅಷ್ಟೆ.

ವಿಶ್ವವಿದ್ಯಾಲಯಗಳು ಇದಕ್ಕಿಂತ ಮೇಲು ಎಂದುಕೊಳ್ಳಬೇಡಿ. ಸೆಮಿನಾರೊಂದರಲ್ಲಿ ಈ ಫೋಟೋ ತೋರಿಸಿದಾಗ ಹಿರಿಯರೊಬ್ಬರು, ನಿಮ್ಮ ಕುಟುಂಬದ 'ಆಘಾತ'ದ ಮೇಲೆ ಗಮನ ಕೊಡಿ ಎಂದರು. ಗೋಡೆ ಅವರಿಗೂ ಕಾಣಲಿಲ್ಲ. ಇಂಥ ಕಡೆ ರೋಲಾಂ ಬಾರ್ತ್‌ನನ್ನು ತಪ್ಪದೆ ಎಳೆದುತರುತ್ತಾರೆ. ತಾಯಿಯ ಬಾಲ್ಯದ ಫೋಟೋ ಬಗ್ಗೆ ಪುಟಗಟ್ಟಲೆ ಬರೆದು, ಅದು ತನಗೆ ಮಾತ್ರ ಸಲ್ಲುವುದೆಂದು ಆತ ಅದನ್ನು ಅಚ್ಚುಹಾಕಲಿಲ್ಲ. ಸರಿಯೇ. ಆದರೆ ಆ ಹುಡುಗಿ ನಿಂತದ್ದು ಗಾಜಿನ ಹೂದೋಟದಲ್ಲಿ, ಪರರ ಪಡಸಾಲೆಯಲ್ಲಲ್ಲ. ಇನ್ನೊಬ್ಬರ ಮನೆಯಲ್ಲಿ ತೆಗೆದ ಫೋಟೋವನ್ನು ನನ್ನ ಖಾಸಗಿ ದುಃಖ ಎಂದು ಬೀಗ ಹಾಕಿಡಲು ನನಗೇನು ಹಕ್ಕು?

"ಸತ್ತೋನ್ ಮೇಲೆ ಕೇಸ್ ಹಾಕ್ತೀಯೇನವ್ವ?" ಎಂದರು ದೊಡ್ಡಪ್ಪ. ಇಲ್ಲ. ಅಪ್ಪ ಅಲ್ಲಿ ಏನು ಮಾಡಿದ ಎನ್ನುವುದಕ್ಕೆ ಈ ಫೋಟೋದಲ್ಲಿ ಪುರಾವೆಯಿಲ್ಲ, ನಾನು ಊಹಿಸುವುದೂ ಇಲ್ಲ. ಅವನು ಅಲ್ಲಿದ್ದ ಎನ್ನುವುದಕ್ಕೆ ಪುರಾವೆಯಿದೆ. ನಾವು ಅಳಿಸಿದ್ದು ಅದನ್ನೇ. ಜಾಫ್ನಾದ ಸುದ್ದಿ ಎತ್ತಿದರೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು, ಅದೂ ತಮಿಳು ಬೆರೆಸಿ: ಆ ಜನ ನಮಗೆ ಮೊದಲು ಹಾರ ಹಾಕಿದ್ದರು. 'ಮೊದಲು' ಎನ್ನುವಾಗ ತುಸು ನಿಲ್ಲುತ್ತಿದ್ದ. ವೀರಯೋಧನ ಫ್ಲೆಕ್ಸಿನಲ್ಲಿ ಆ ನಿಲುಗಡೆಗೆ ಜಾಗವಿಲ್ಲ. ಅಪ್ಪನನ್ನು ಚಿಕ್ಕವನನ್ನಾಗಿ ಮಾಡಿದ್ದು ಫ್ಲೆಕ್ಸು, ನಾನಲ್ಲ.

ಸೈನಿಕರ ಮಕ್ಕಳು ಕರ್ನಾಟಕದಲ್ಲಿ ಸಾವಿರಾರು ಜನ ಇದ್ದೇವೆ. ನಿಮ್ಮ ಟ್ರಂಕುಗಳಲ್ಲೂ ಇಂಥ ಫೋಟೋಗಳಿರುತ್ತವೆ. ಹಾಕುವುದಾದರೆ ಪೂರ್ತಿ ಹಾಕಿ, ಅಂಚಿನವರೆಗೆ, ಹಿಂಬದಿಯ ಬರಹದ ಸಮೇತ. ನನ್ನದಕ್ಕೆ ಕನ್ನಡದಲ್ಲೂ ತಮಿಳಿನಲ್ಲೂ ಅಡಿಬರಹ ಬರೆದಿದ್ದೇನೆ: ಚಾವಕಚ್ಚೇರಿ, 1988. ಕೂತವರಲ್ಲಿ ನಡುವಿನವನು ನನ್ನ ಅಪ್ಪ. ಗೋಡೆಯ ಮೇಲಿನವರು ಈ ಮನೆಯ ಹಿರಿಯರಿರಬೇಕು. ಅವರ ಹೆಸರು ಬಲ್ಲವರು ತಿಳಿಸಿ.